ಫೋನ್ ಎತ್ತಿದವರಿಗೆ, ಕಾರಣ ಕೇಳದವರಿಗೆ

ನಾನು ಕುಡಿತ ಬಿಟ್ಟು ಮೊನ್ನೆಗೆ ವರ್ಷ ತುಂಬಿತು. ವಿಷಯ ತಿಳಿದವರೆಲ್ಲ ನನ್ನ ಮನೋಬಲವನ್ನು ಹೊಗಳಿದ್ದಾರೆ. ಆ ಹೊಗಳಿಕೆಯನ್ನು ಪೂರ್ತಿಯಾಗಿ ಒಪ್ಪಿಕೊಳ್ಳಲು ನನಗೆ ಸಂಕೋಚವಾಗುತ್ತದೆ. ಏಕೆಂದರೆ ಈ ಅವಧಿಯಲ್ಲಿ ನನ್ನ ಮನಸ್ಸು ನನ್ನ ಪರವಾಗಿ ವಾದಿಸಿದ್ದಕ್ಕಿಂತ ಬಾಟಲಿಯ ಪರವಾಗಿ ವಾದಿಸಿದ್ದೇ ಹೆಚ್ಚು. ಆ ವಾದ ಗೆಲ್ಲದಂತೆ ನೋಡಿಕೊಂಡವರು ಬೇರೆ ಹಲವರು. ಅವರಿಗೆ ಬಹಿರಂಗವಾಗಿ ಕೃತಜ್ಞತೆ ಸಲ್ಲಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಹೇಳುವುದಿಲ್ಲ. ಅವರಲ್ಲಿ ಕೆಲವರು ಹೆಸರು ಹೊರಗೆ ಬಾರದಿರಲೆಂದು ಬಯಸುವವರು. ಉಳಿದವರಿಗೆ ತಾವು ಮಾಡಿದ್ದು ಉಪಕಾರವೆಂಬುದೇ ಗೊತ್ತಿಲ್ಲ.

ಮೊದಲ ವಂದನೆ ವೈದ್ಯರಿಗೆ. ನಾಳೆಯಿಂದ ಒಂದು ಹನಿಯನ್ನೂ ಮುಟ್ಟುವುದಿಲ್ಲವೆಂದು ನಾನು ವೀರಾವೇಶದಿಂದ ಹೇಳಿದಾಗ ಅವರು ಭೇಷ್ ಎನ್ನಲಿಲ್ಲ, ಆಸ್ಪತ್ರೆಗೆ ದಾಖಲಾಗಿ ಎಂದರು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರ ಮಿದುಳು ಮದ್ಯದ ಮಂಪರನ್ನು ಸರಿದೂಗಿಸಲು ಸದಾ ಉದ್ರೇಕದ ಸ್ಥಿತಿಗೆ ಒಗ್ಗಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಉದ್ರೇಕವೊಂದೇ ಉಳಿದು, 6ರಿಂದ 24 ಗಂಟೆಯೊಳಗೆ ನಡುಕ ಮತ್ತು ಬೆವರು ಕಾಣಿಸಿಕೊಳ್ಳುತ್ತವೆ, ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, 48ರಿಂದ 96 ಗಂಟೆಗಳ ನಡುವೆ ಕೆಲವರಿಗೆ ಸನ್ನಿ ಹಿಡಿದು ಪ್ರಾಣಕ್ಕೇ ಸಂಚಕಾರ ಬರಬಹುದು ಎಂದು ಬಿಡಿಸಿ ಹೇಳಿದರು. ಶಮನಕಾರಿ ಮಾತ್ರೆಗಳನ್ನು ಕ್ರಮೇಣ ಇಳಿಸುತ್ತ, ಬಿ1 ಜೀವಸತ್ವದ ಚುಚ್ಚುಮದ್ದು ಕೊಡುತ್ತ ಆ ದಿನಗಳನ್ನು ದಾಟಿಸಿದರು. ರಾತ್ರಿ ಪಾಳಿಯ ನರ್ಸ್ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ನೀರೆಲ್ಲ ಎದೆಯ ಮೇಲೆ ಚೆಲ್ಲಿದ್ದನ್ನು ಕಂಡ ಆಕೆ, ಮುಂದಿನ ಸಲದಿಂದ ಒಂದು ಮಾತೂ ಆಡದೆ ಅರ್ಧ ಲೋಟ ಮಾತ್ರ ತುಂಬಿಸಿ, ತಳಕ್ಕೆ ತಮ್ಮ ಎರಡು ಬೆರಳುಗಳ ಆಸರೆ ಕೊಟ್ಟು ಹಿಡಿಯುತ್ತಿದ್ದರು.

ಮುಂದೆ ಅದೇ ವೈದ್ಯರು ನಾಲ್ಟ್ರೆಕ್ಸೋನ್ ಮಾತ್ರೆ ಬರೆದುಕೊಟ್ಟರು. ಕುಡಿತದ ಸುಖವನ್ನೂ ಅದರ ಸೆಳೆತವನ್ನೂ ತಗ್ಗಿಸುವ ಈ ಔಷಧಿಗೆ ಅಮೆರಿಕದಲ್ಲಿ ಮದ್ಯವ್ಯಸನದ ಚಿಕಿತ್ಸೆಗಾಗಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಮಾತ್ರೆ ನುಂಗಿ ಬಿಡುವುದು ಬಿಟ್ಟಂತಲ್ಲ ಎನ್ನುವವರಿದ್ದಾರೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರನ್ನು ಅವರು ಹಾಗೆ ಹಂಗಿಸಿದ್ದನ್ನು ನಾನಂತೂ ಕೇಳಿಲ್ಲ.

ನಡುಕ ನಿಂತ ಮೇಲೆ ಶುರುವಾದದ್ದು ಒಳಗಿನ ಮಾತು. ಅದು ಗದರಿಸುವುದಿಲ್ಲ, ಬೇಡುವುದೂ ಇಲ್ಲ; ನನ್ನದೇ ದನಿಯಲ್ಲಿ, ಬಹಳ ತಿಳಿವಳಿಕಸ್ಥನಂತೆ ಮಾತನಾಡುತ್ತದೆ. ಇಷ್ಟು ದಿನ ಬಿಟ್ಟಿರಲು ಸಾಧ್ಯವಾಯಿತೆಂದರೆ ನೀನು ವ್ಯಸನಿಯೇ ಅಲ್ಲ, ಹಾಗಾದ ಮೇಲೆ ಹಿತಮಿತವಾಗಿ ಕುಡಿದರೆ ತಪ್ಪೇನು, ಎಂದು ಕೇಳುತ್ತದೆ. ಬೇಸರವಾದ ದಿನ ಸಮಾಧಾನಕ್ಕೆಂದೂ ಸಂತೋಷದ ದಿನ ಸಂಭ್ರಮಕ್ಕೆಂದೂ ಒಂದೇ ಪೆಗ್ಗನ್ನು ಶಿಫಾರಸು ಮಾಡುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು, ಇವುಗಳಲ್ಲಿ ಒಂದಾದರೂ ಇದ್ದಾಗ ಅದರ ತರ್ಕ ಎಷ್ಟು ಚೊಕ್ಕವಾಗಿ ಕೇಳಿಸುತ್ತದೆಯೆಂದರೆ, ಎದುರುತ್ತರ ಹುಡುಕುತ್ತ ಕುಳಿತವನು ಅರ್ಧ ಸೋತಂತೆಯೇ.

ಎದುರುತ್ತರ ಹುಡುಕಬೇಕಾಗಿಯೇ ಇಲ್ಲವೆಂದು ಕಲಿಸಿದವರು ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗಿನಲ್ಲಿ ನನಗೆ ಸ್ಪಾನ್ಸರ್ ಆಗಿ, ಎಂದರೆ ಹೊಸಬರ ಜೊತೆಗಿದ್ದು ದಾರಿ ತೋರುವ ಹಳೆಯ ಸದಸ್ಯರಾಗಿ, ಸಿಕ್ಕ ಹಿರಿಯರು. ಈ ಬರಹದ ಬಹುಪಾಲು ಋಣ ಅವರದು. ಆಸೆ ಹುಟ್ಟಿದಾಗ ಫೋನ್ ಮಾಡು ಎಂದು ಎಲ್ಲರೂ ಹೇಳುತ್ತಾರೆ. ಇವರು ಫೋನ್ ಎತ್ತಿ ಉಪದೇಶ ಮಾಡುತ್ತಿರಲಿಲ್ಲ. "ಅದು ಏನು ಹೇಳ್ತಿದೆಯೋ ಅದನ್ನೇ ಒಂದಕ್ಷರ ಬಿಡದೆ ಜೋರಾಗಿ ಹೇಳಪ್ಪಾ, ನಾನೂ ಕೇಳ್ತೀನಿ" ಎನ್ನುತ್ತಿದ್ದರು. ತಲೆಯೊಳಗೆ ವಕೀಲನಂತೆ ವಾದಿಸುತ್ತಿದ್ದ ಮಾತನ್ನು ಇನ್ನೊಬ್ಬರ ಕಿವಿಗೆ ಬೀಳುವಂತೆ ಹೇಳಹೊರಟರೆ ಎರಡನೆಯ ವಾಕ್ಯಕ್ಕೇ ನಾಲಿಗೆ ತಡವರಿಸುತ್ತಿತ್ತು. ಸೆಳೆತವೆಂಬುದು ಸಾಮಾನ್ಯವಾಗಿ ಏರಿದಂತೆಯೇ ಇಳಿಯುವಂಥದ್ದು, ಬಹಳಷ್ಟು ಸಲ ಅರ್ಧ ಗಂಟೆಯೊಳಗೆ ಅದರ ಬಿರುಸು ತಗ್ಗುತ್ತದೆ. ಆ ಅರ್ಧ ಗಂಟೆಯನ್ನು ಅವರು ತಮ್ಮ ನಿದ್ದೆಯಿಂದ ಕಡಿದು ಕೊಡುತ್ತಿದ್ದರು. ನಿಮಗೆ ತೊಂದರೆಯಾಯಿತೆಂದು ನಾನು ಹೇಳಿದಾಗ ಅವರು ಆ ಕೂಟದ ಮೂಲಕಥೆಯನ್ನೇ ನೆನಪಿಸಿದರು. 1935ರ ಮೇ ತಿಂಗಳಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್, ವ್ಯವಹಾರ ಕೈಕೊಟ್ಟು ಅಮೆರಿಕದ ಆಕ್ರನ್ ನಗರದ ಹೋಟೆಲೊಂದರಲ್ಲಿ ಒಂಟಿಯಾಗಿದ್ದಾಗ ಬಾರ್ ಅವರನ್ನು ಸೆಳೆಯಿತು. ಅವರು ಅತ್ತ ಹೋಗದೆ, ಮಾತನಾಡಲು ಇನ್ನೊಬ್ಬ ಕುಡುಕ ಸಿಗುತ್ತಾನೆಯೇ ಎಂದು ಊರಿನ ಪಾದ್ರಿಗಳಿಗೆ ಫೋನ್ ಮಾಡತೊಡಗಿದರು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಇವರು ಕೊನೆಯ ಬಾರಿ ಕುಡಿದ ದಿನವೆನ್ನಲಾಗುವ ಜೂನ್ 10ನ್ನೇ ಕೂಟದ ಹುಟ್ಟುದಿನವೆಂದು ಆಚರಿಸುತ್ತಾರೆ. ಆ ಕರೆಯಿಂದ ಮೊದಲು ಬದುಕಿಕೊಂಡವರು ಕರೆ ಮಾಡಿದವರೇ ಎಂಬುದು ನಮ್ಮ ಹಿರಿಯರ ಲೆಕ್ಕ. ನಿನ್ನ ಫೋನ್ ಬಂದ ರಾತ್ರಿ ನಾನೂ ಕುಡಿಯುವುದಿಲ್ಲವಲ್ಲ, ಎನ್ನುತ್ತಾರೆ.

ಹೆಂಡತಿಗೆ ಕೃತಜ್ಞತೆ ಹೇಳುವುದು ಕಷ್ಟ. ಆಸ್ಪತ್ರೆಯಿಂದ ಬಂದ ದಿನವೇ ಆಕೆ "ನಿಮ್ಮ ಬಾಯಿ ಮೂಸಿ ನೋಡೋ ಕೆಲಸ ಇನ್ನು ನನ್ನದಲ್ಲ" ಎಂದಳು. ಆಗ ಅದು ಮುನಿಸಿನ ಮಾತೆನಿಸಿತ್ತು. ವ್ಯಸನಿಗಳ ಮನೆಯವರಿಗಾಗಿಯೇ ನಡೆಯುವ ಸಭೆಗಳಿಗೆ ಹೋಗಿ ಆಕೆ ಕಲಿತುಬಂದಿದ್ದ ಪಾಠವದು ಎಂದು ಆಮೇಲೆ ತಿಳಿಯಿತು. ಕಾವಲು ಇದ್ದಿದ್ದರೆ ಅದರ ಕಣ್ಣು ತಪ್ಪಿಸುವ ಆಟಕ್ಕೆ ನನ್ನ ಬುದ್ಧಿಯೆಲ್ಲ ವ್ಯಯವಾಗುತ್ತಿತ್ತು.

ಕಚೇರಿಯ ಬೀಳ್ಕೊಡುಗೆ ಕೂಟದಲ್ಲಿ ಟ್ರೇ ನನ್ನ ಬಳಿ ಬರುವ ಮೊದಲೇ ನನ್ನ ಕೈಗೆ ಸೋಡಾ ಗ್ಲಾಸು ಕೊಟ್ಟ ಸಹೋದ್ಯೋಗಿಗೂ, ಬೇಡವೆಂದಾಗ ಯಾಕೆಂದು ಕೇಳದೆ ಬೇರೆ ಮಾತಿಗೆ ಹೊರಳಿದ ಗೆಳೆಯರಿಗೂ ನಾನು ಋಣಿ.

ವರ್ಷ ತುಂಬಿದ ಸಂಜೆ, ಎಲ್ಲರ ಅಭಿನಂದನೆ ಮುಗಿದ ಮೇಲೆ ಒಳಗಿನ ಮಾತು ಮತ್ತೆ ಬಂತು: ವರ್ಷವಿಡೀ ತಡೆದವನಿಗೆ ಇವತ್ತೊಂದು ದಿನ ರಿಯಾಯಿತಿ ಸಲ್ಲುತ್ತದೆ ಎಂದಿತು. ಹಿರಿಯರಿಗೆ ಫೋನ್ ಮಾಡಿ ಅದನ್ನು ಹಾಗೆಯೇ ಒಪ್ಪಿಸಿದೆ. ಅವರು ನಕ್ಕು, "ಇಷ್ಟೊತ್ತಿಗೆ ಬರುತ್ತೆ ಅಂತ ಗೊತ್ತಿತ್ತು, ಊಟ ಮುಗಿಸಿ ಕಾಯ್ತಾ ಕೂತಿದ್ದೆ" ಎಂದರು. ಆ ಕರೆಯ ಋಣವನ್ನೂ ಇದಕ್ಕೇ ಸೇರಿಸಿಕೊಳ್ಳಬೇಕೆಂದು ಅವರಲ್ಲಿ ವಿನಂತಿ.