ನರದ ಆಪರೇಷನ್ ನಂತರದ ಆರೈಕೆ ತಾಲ್ಲೂಕಿನಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ನಾನು ಚಿಂಚೋಳಿಯವಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ನನ್ನ ಉದ್ಯೋಗ. ಹೋದ ವರ್ಷ ಬಲ ಮೊಣಕೈ ಮೇಲಿದ್ದ ಗಂಟನ್ನು ಆಪರೇಷನ್ ಮಾಡಿ ತೆಗೆದರು. ಮುಟ್ಟಿದರೆ ಬೆರಳತನಕ ಕರೆಂಟ್ ಹೊಡೆದಂಗೆ ಆಗುತ್ತಿತ್ತು. ಕೊಬ್ಬಿನ ಗಂಟಲ್ಲ, ನರದ ಗಡ್ಡೆ. ಕ್ಯಾನ್ಸರ್ ಅಲ್ಲ ಎಂದು ರಿಪೋರ್ಟ್ ಬಂತು. ಶರಣಬಸವೇಶ್ವರನ ಪುಣ್ಯ.

ಇಂಥ ಗಡ್ಡೆಗಳಲ್ಲಿ ಶ್ವಾನೋಮಾ ಎನ್ನುವುದು ನರದ ಎಳೆಗಳನ್ನು ಪಕ್ಕಕ್ಕೆ ತಳ್ಳಿ ಬೆಳೆಯುತ್ತದೆ. ಹೆಚ್ಚಿನ ಸಲ ಎಳೆ ಉಳಿಸಿ ಬಿಡಿಸಬಹುದು. ನ್ಯೂರೋಫೈಬ್ರೋಮಾ ಎಳೆಗಳ ನಡುವೆಯೇ ಹೆಣೆದುಕೊಂಡಿರುತ್ತದೆ. ನನ್ನದು ಇದೇ. ಕೆಲವು ಎಳೆ ಕತ್ತರಿಸಲೇಬೇಕಾಯಿತು. ಕಾಲಿನ ನರದ ತುಂಡು ತಂದು ಅಲ್ಲಿ ಹೊಲಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಸ್ಪರ್ಶ ಹೋಯಿತು. ಹೆಬ್ಬೆರಳಿಗೆ ಹಿಡಿತವಿಲ್ಲ, ಹಿಟ್ಟು ನಾದಲಿಕ್ಕೆ ಆಗುವುದಿಲ್ಲ. ಹೀಗಾಗಬಹುದೆಂದು ಸರ್ಜನ್ ಮೊದಲೇ ಬಿಡಿಸಿ ಹೇಳಿದ್ದರು. ಅವರ ಮೇಲೆ ನನ್ನ ದೂರಿಲ್ಲ.

ದೂರು ಮನೆಗೆ ಬಂದ ಮೇಲಿನದು. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೈ ಹೇಗೆ ಕಾಯ್ದುಕೊಳ್ಳಬೇಕು ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಒಂದು ಸಂಜೆ ಬೆರಳು ಹಂಚಿಗೆ ತಗುಲಿದ್ದು ನನಗೆ ಗೊತ್ತೇ ಆಗಲಿಲ್ಲ. ಸುಟ್ಟ ವಾಸನೆ ಬಂದು ಸೊಸೆ ನನ್ನ ಕೈ ಎಳೆದಳು. ಆ ಗಾಯ ಮಾಯಲು ವಾರಗಟ್ಟಲೆ ಹಿಡಿಯಿತು. ಬಿಸಿ ಪಾತ್ರೆಗೆ ದಪ್ಪ ಬಟ್ಟೆ ಹಿಡಿಯಬೇಕು, ದಿನಾ ರಾತ್ರಿ ಬೆರಳುಗಳನ್ನು ಕಣ್ಣಿಂದ ನೋಡಬೇಕು, ಕೀಲು ಸೆಟೆಯದಂತೆ ಇನ್ನೊಂದು ಕೈಯಿಂದ ಆಡಿಸಬೇಕು, ಹೆಬ್ಬೆರಳಿಗೆ ಸ್ಪ್ಲಿಂಟ್, ಅಂದರೆ ಆಧಾರದ ಪಟ್ಟಿ, ಹಾಕಬೇಕು. ಇಷ್ಟನ್ನೂ ಆಮೇಲೆ ಕಲಬುರಗಿಯಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಹೇಳಿಕೊಟ್ಟರು. ಸ್ಪರ್ಶ ಸ್ವಲ್ಪ ಮರಳಿದ ಮೇಲೆ ಕಣ್ಣು ಮುಚ್ಚಿ ಜೋಳ, ತೊಗರಿಬೇಳೆ, ರೂಪಾಯಿ ಬಿಲ್ಲೆ ಮುಟ್ಟಿ ಗುರುತಿಸುವ ಅಭ್ಯಾಸವೂ ಇದೆಯಂತೆ. ಅದಕ್ಕೇ ಕಾಯುತ್ತಿದ್ದೇನೆ.

ಜೋಡಿಸಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಿಂದ ಬೆರಳ ತುದಿಗೆ 40 ಸೆಂಟಿಮೀಟರ್ ಅಂತ ಹಿಡಿದರೂ ವರ್ಷ ದಾಟುತ್ತದೆ. ಆದರೆ ನರ ತಲುಪದ ಸ್ನಾಯು ಅಷ್ಟರಲ್ಲಿ ಸೊರಗುತ್ತಾ ಹೋಗುತ್ತದೆ. ಒಂದು, ಒಂದೂವರೆ ವರ್ಷ ಕಳೆದರೆ ನರ ಬಂದರೂ ಅದಕ್ಕೆ ಬಲ ಬರುವುದು ಕಷ್ಟ. ಹಿಡಿತ ಮರಳದಿದ್ದರೆ ಬೇರೆ ಸ್ನಾಯುವಿನ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ತಿರುಗಿಸಿ ಜೋಡಿಸುವ ಆಪರೇಷನ್ ಉಂಟು. ಅದು ಬೇಕೋ ಬೇಡವೋ ಹೇಳಲು ಯಾರಾದರೂ ಆಗಾಗ ಕೈ ಪರೀಕ್ಷೆ ಮಾಡುತ್ತಿರಬೇಕು, ಅಲ್ವಾ?

ಶಕ್ತಿ ಯೋಜನೆಯಿಂದ ನಮಗೆ ಬಸ್ ಚಾರ್ಜಿಲ್ಲ, ಅದು ದೊಡ್ಡ ಉಪಕಾರ. ಆದರೂ ಕಲಬುರಗಿಗೆ ಹೋಗಿ ಬಂದರೆ ಇಡೀ ದಿನ ಹೋಯಿತು. ನನ್ನ ಜೊತೆ ಬರುವ ಸೊಸೆಯ ಕೂಲಿಯೂ ಹೋಯಿತು. ಹೀಗಾಗಿ ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ.

ಹೊಸದಾಗಿ ಏನೂ ಕಟ್ಟಬೇಕಿಲ್ಲ. ಜೋಮು ಹಿಡಿದ ಕೈಕಾಲನ್ನು ಗಾಯವಾಗದಂತೆ ಕಾಯ್ದುಕೊಳ್ಳುವ ಕ್ರಮವನ್ನು ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಎಷ್ಟೋ ವರ್ಷಗಳಿಂದ ಕಲಿಸುತ್ತಿದ್ದಾರೆ. ಅದೇ ತಿಳಿವಳಿಕೆಯನ್ನು ನಮ್ಮಂಥವರಿಗೂ ಕೊಡಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನವಾದರೂ ಫಿಸಿಯೋಥೆರಪಿಸ್ಟ್ ಕೂರಲಿ, ಸ್ಪ್ಲಿಂಟ್ ಅಲ್ಲೇ ಸಿಗಲಿ. ನರದ ಆಪರೇಷನ್ ಮಾಡುವ ಆಸ್ಪತ್ರೆಗಳು ಮನೆಯಲ್ಲಿ ಏನು ಮಾಡಬೇಕೆಂದು ಕನ್ನಡದಲ್ಲಿ ಬರೆದು ಕೊಡಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಪತ್ರ ಓದಿ ಚಿಂಚೋಳಿಯಿಂದಲೇ ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ರೊಟ್ಟಿ ಬಡಿಯುವ ಒಬ್ಬ ಹೆಣ್ಣುಮಗಳು, ಚಿಂಚೋಳಿ, ಕಲಬುರಗಿ ಜಿಲ್ಲೆ