ಓಡುವ ಗಾಡಿಯಿಂದ ಒಡವೆಯ ಚೀಲ ಎಸೆಯಬೇಡ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ತಂಗಿಯ ಮದುವೆಗೆಂದು ಬೆಂಗಳೂರಿನಲ್ಲಿ ಮಾಡಿಸಿದ ಸರ, ಬಳೆಗಳನ್ನು ಬರುವ ಶುಕ್ರವಾರ ನೀನು ದಾವಣಗೆರೆಗೆ ಹೋಗುವ ಗಾಡಿಯಲ್ಲಿ ತರುತ್ತೀಯೆಂದೂ, ಕಳೆದ ಸಲ ಲ್ಯಾಪ್‌ಟಾಪಿನ ಚೀಲವನ್ನು ಎಸೆದ ಹಾಗೆಯೇ ಇದನ್ನೂ ಕರಡಿ ಸ್ಟೇಷನ್ನಿನಲ್ಲಿ ಗಾಡಿ ನಿಧಾನವಾದಾಗ ಪ್ಲಾಟ್‌ಫಾರಂನಲ್ಲಿ ನಿಂತ ತಮ್ಮನ ಕಡೆಗೆ ಎಸೆಯುತ್ತೀಯೆಂದೂ ನಿನ್ನ ತಾಯಿ ಹೇಳಿದಳು. ಗಾಡಿ ನಿಲ್ಲುವ ತಿಪಟೂರಿನವರೆಗೆ ತಮ್ಮ ಬರುವ ಶ್ರಮ ತಪ್ಪಲಿ ಎಂಬ ನಿನ್ನ ಅಕ್ಕರೆ ನನಗೆ ಅರ್ಥವಾಗುತ್ತದೆ. ಆದರೂ ದಿನವೂ ಹಳಿಯುದ್ದಕ್ಕೂ ನಡೆದು ಅದನ್ನು ಪರೀಕ್ಷಿಸುವ ಕೀಮ್ಯಾನ್ ಆಗಿ ದುಡಿದ ನಾನು ಇದನ್ನು ಕೇಳಿ ಸುಮ್ಮನಿರಲಾರೆ.

ಗಾಡಿಯ ಒಳಗಿರುವವನಿಗೆ ಕೈಯಲ್ಲಿರುವ ಚೀಲ ನಿಂತಂತೆಯೇ ಕಾಣುತ್ತದೆ. ವಾಸ್ತವದಲ್ಲಿ ಗಾಡಿಗಿರುವ ವೇಗವೆಲ್ಲ ಚೀಲಕ್ಕೂ ಇರುತ್ತದೆ. ನಿಧಾನ ಎಂದು ನೀನು ಹೇಳುವ ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ತಮ್ಮನ ಎದುರಿಗೆ ಬಂದಾಗ ನೀನು ಕೈಬಿಟ್ಟ ಚೀಲ ಅವನನ್ನು ದಾಟಿ ಆರೇಳು ಮೀಟರ್ ಆಚೆಗೆ ಬೀಳುತ್ತದೆ. ಬಿದ್ದ ಮೇಲೂ ನಿಲ್ಲದೆ ಗಾಡಿ ಹೋಗುವ ದಿಕ್ಕಿಗೇ ಉರುಳುತ್ತದೆ. ಸ್ವಲ್ಪ ಓರೆಯಾಗಿ ಬಿದ್ದರೂ ಸಾಕು, ಪ್ಲಾಟ್‌ಫಾರಂನ ಅಂಚು ದಾಟಿ ಗಾಲಿಯ ಕಡೆಗೆ ಜಾರಬಹುದು. ಆಗ ನಿನ್ನ ತಮ್ಮ ಏನು ಮಾಡುತ್ತಾನೆ, ಯೋಚಿಸು. ಒಳಗೆ ಅಕ್ಕನ ಮದುವೆಯ ಒಡವೆ ಇದೆ ಎಂದು ಬಲ್ಲ ಹುಡುಗ, ಪಕ್ಕದಲ್ಲಿ ಬೋಗಿಗಳು ಒಂದರ ಹಿಂದೊಂದು ಸಾಗುತ್ತಿರುವಾಗಲೇ ಬಗ್ಗಿ ಕೈಚಾಚುತ್ತಾನೆ. ನನಗೆ ಹೆದರಿಕೆಯಿರುವುದು ಒಡವೆಯ ವಿಷಯದಲ್ಲಲ್ಲ, ಆ ಒಂದು ಕ್ಷಣದ ವಿಷಯದಲ್ಲಿ.

ಎಸೆಯುವ ನಿನ್ನ ಸ್ಥಿತಿಯೂ ಕ್ಷೇಮಕರವಲ್ಲ. ಬಾಗಿಲ ಹಿಡಿಯಿಂದ ಒಂದು ಕೈ ತೆಗೆದು ಮೈಯನ್ನು ಹೊರಗೆ ಚಾಚಬೇಕು. ಹೆಗಲಪಟ್ಟಿ ಮಣಿಕಟ್ಟಿಗೋ ಬಾಗಿಲಿನ ಸರಳಿಗೋ ಸಿಕ್ಕಿಕೊಂಡರೆ ಚೀಲದ ಜೊತೆಗೆ ನೀನೂ ಹೊರಗೆ ಹೋಗುತ್ತೀಯೆ.

ಇನ್ನು ನಿನಗೆ ಸಂಬಂಧವೇ ಇಲ್ಲದವರ ಮಾತು. ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿಯನ್ನು ಬಿಗಿಹಿಡಿಯುವ ಕ್ಲಿಪ್‌ಗಳನ್ನು ನೋಡುತ್ತಾ ನಡೆಯುವ ಕೀಮ್ಯಾನ್, ಗಾಡಿ ಬಂದಾಗ ಬದಿಗೆ ಸರಿದು ಅದರತ್ತ ಮುಖಮಾಡಿ ನಿಲ್ಲುತ್ತಾನೆ. ಕಿಟಕಿಯಿಂದ ಬರುವ ನೀರಿನ ಬಾಟಲಿಯೂ ಅವನಿಗೆ ಕಲ್ಲಿನೇಟೇ. 2025ರ ಸೆಪ್ಟೆಂಬರಿನಲ್ಲಿ ಮುಂಬೈ ಹತ್ತಿರದ ಭಾಯಂದರ್ ಖಾರಿಯ ರೈಲು ಸೇತುವೆಯ ಮೇಲೆ ನಡೆದು ಹೋಗುತ್ತಿದ್ದ ಯುವಕನೊಬ್ಬ, ಲೋಕಲ್ ಗಾಡಿಯಿಂದ ಯಾರೋ ನೀರಿಗೆಂದು ಎಸೆದ ತೆಂಗಿನಕಾಯಿ ತಲೆಗೆ ಬಡಿದು ಪ್ರಾಣ ಬಿಟ್ಟ. ಎಸೆದವರ ಮನಸ್ಸಿನಲ್ಲಿ ಇದ್ದದ್ದು ಭಕ್ತಿಯೇ ಇರಬೇಕು. ಚೀಲ ಕಾಯಿಗಿಂತ ಭಾರ. 1989ರ ರೈಲ್ವೆ ಕಾಯಿದೆಯ 154ನೆಯ ಕಲಮಿನ ಪ್ರಕಾರ, ಹಳಿಯ ಮೇಲಿರುವವರಿಗೆ ಅಪಾಯ ತರುವ ಇಂಥ ದುಡುಕಿನ ಕೆಲಸಕ್ಕೆ ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕೈತಪ್ಪಿ ಏನಾದರೂ ಹೊರಗೆ ಬಿದ್ದರೂ ಅದರ ಹಿಂದೆ ಹಾರಬೇಡ. ಸಾಮಾನಿಗಾಗಿ ಚೈನ್ ಎಳೆಯಲೂ ಬೇಡ, ಸಾಕಷ್ಟು ಕಾರಣವಿಲ್ಲದೆ ಎಳೆದರೆ ಅದೂ ಅಪರಾಧವೇ. ಹಳಿಯ ಬದಿಯ ವಿದ್ಯುತ್ ಕಂಬದ ಮೇಲಿನ ಸಂಖ್ಯೆಯನ್ನು ಓದಿಕೊಂಡು, ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಗಾಡಿಯ ನಂಬರು, ಕಂಬದ ಸಂಖ್ಯೆ ಮತ್ತು ವಸ್ತುವಿನ ಗುರುತು ಹೇಳು. ಹುಡುಕುವವರಿಗೆ ಆ ಸಂಖ್ಯೆಯೊಂದಿದ್ದರೆ ಎಲ್ಲಿ ನೋಡಬೇಕೆಂಬುದು ತಿಳಿಯುತ್ತದೆ.

ಶುಕ್ರವಾರ ನಾನೂ ನಿನ್ನ ತಮ್ಮನೂ ತಿಪಟೂರಿಗೇ ಬರುತ್ತೇವೆ. ಬೋಗಿಯ ನಂಬರನ್ನು ಗುರುವಾರ ರಾತ್ರಿಯೇ ತಿಳಿಸು. ಗಾಡಿ ಪೂರ್ತಿ ನಿಂತ ಮೇಲೆ ಬಾಗಿಲಲ್ಲೇ ಚೀಲವನ್ನು ನಮ್ಮ ಕೈಗೆ ಕೊಡು. ಜನಸಂದಣಿಯಲ್ಲಿ ನಾವು ಬಾಗಿಲಿಗೆ ತಲುಪದಿದ್ದರೆ ಗಾಬರಿಯಾಗದೆ ಒಡವೆಯನ್ನು ನಿನ್ನ ಬಳಿಯೇ ಇಟ್ಟುಕೊಂಡು ಅರಸೀಕೆರೆಯಲ್ಲಿ ಇಳಿದುಬಿಡು. ನಾವು ಅದರ ನಂತರ ಬರುವ ಗಾಡಿಯಲ್ಲಿ ಅಲ್ಲಿಗೇ ಬರುತ್ತೇವೆ. ಕೆಲಸಕ್ಕೆ ಒಂದು ದಿನ ತಡವಾದರೆ ಆಗಲಿ.

ಇತಿ, ನಿನ್ನ ಸೋದರಮಾವ