ಭಾನುವಾರದ ಚರ್ಚೆ: ಬ್ರಿಟನ್ನಿನ ಪೋಸ್ಟ್ ಆಫೀಸ್ ಹಗರಣ

ಗೆಳೆಯರೇ, ಭಾನುವಾರ ಸಂಜೆ 6ಕ್ಕೆ ಈ ವಿಷಯ ಮಾತಾಡೋಣ.

ಅಲ್ಲಿನ ಅಂಚೆ ಕಚೇರಿಗಳ ಲೆಕ್ಕ ಇಡುವ ಹೊರೈಜನ್ ಎಂಬ ಸಾಫ್ಟ್‌ವೇರ್, ಹಣ ಕಡಿಮೆಯಿದೆ ಎಂದು ತಪ್ಪು ಲೆಕ್ಕ ತೋರಿಸಿತು. ಅದನ್ನೇ ನಂಬಿ 900ಕ್ಕೂ ಹೆಚ್ಚು ಸಬ್‌ಪೋಸ್ಟ್‌ಮಾಸ್ಟರ್‌ಗಳನ್ನು (ಊರಿನ ಅಂಚೆ ಶಾಖೆ ನಡೆಸುವವರನ್ನು) ನ್ಯಾಯಾಲಯಗಳು ಅಪರಾಧಿಗಳೆಂದವು. ಕೆಲವರು ಜೈಲಿಗೂ ಹೋದರು. 'ಕಂಪ್ಯೂಟರ್ ವೀಕ್ಲಿ' ಪತ್ರಿಕೆ 2009ರಲ್ಲೇ ಇದನ್ನು ಬರೆದಿತ್ತು. ಜೇಮ್ಸ್ ಆರ್ಬತ್ನಾಟ್‌ರಂಥ ಸಂಸದರೂ ಬೆನ್ನು ಬಿಡದೆ ಕೇಳಿದ್ದರು. ಆದರೂ ಸರ್ಕಾರ ಚುರುಕಾಗಿದ್ದು 2024ರ ಜನವರಿಯಲ್ಲಿ ಐಟಿವಿ ಎಂಬ ಟಿವಿ ವಾಹಿನಿ ಇದನ್ನು ನಾಟಕ ಮಾಡಿ ತೋರಿಸಿದ ಮೇಲೆ. ಮೇ ತಿಂಗಳಲ್ಲಿ ಶಿಕ್ಷೆ ರದ್ದು ಮಾಡುವ ಕಾಯಿದೆಯೇ ಬಂತು.

ಪತ್ರಕರ್ತೆಯಾಗಿ ನನಗೆ ಇದು ತುಂಬ ನೋವಿನ ವಿಷಯ. ಸುದ್ದಿ ಎದುರಿಗೇ ಇತ್ತು, ಅಲ್ವಾ? ಮುಂದಿನ ಪ್ರಧಾನಿ ಯಾರು ಅನ್ನೋದರ ಹಿಂದೆ ಓಡುವ ವೆಸ್ಟ್‌ಮಿನ್‌ಸ್ಟರ್ (ಬ್ರಿಟನ್ ಸಂಸತ್ತಿನ) ವರದಿಗಾರಿಕೆಗೆ ಹಳ್ಳಿಯ ಅಂಚೆ ಅಂಗಡಿ ದೊಡ್ಡದಾಗಿ ಕಾಣಲಿಲ್ಲ ಅಂತ ನನ್ನ ಅನಿಸಿಕೆ. ಒಪ್ಪದವರು ಖಂಡಿತ ಬನ್ನಿ, ನಿಮ್ಮ ಮಾತೂ ಕೇಳಬೇಕು.